ಬಿಸಿಲು ಎಲ್ಲ ಊರಿಗೂ ಒಂದೇ ಅಲ್ಲ

ಏಪ್ರಿಲ್ ಬಂತೆಂದರೆ ಕಲಬುರಗಿ, ರಾಯಚೂರು ಕಡೆ ಸರ್ಕಾರಿ ಕಚೇರಿಗಳ ಹೊತ್ತು ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಅಲ್ಲಿ ಪಾದರಸ 42 ಡಿಗ್ರಿ ಮುಟ್ಟಿದ ದಿನ ಮಂಗಳೂರಿನಲ್ಲಿ 35ರ ಆಸುಪಾಸು ಇರುತ್ತದೆ. ಒಂದೇ ರಾಜ್ಯದೊಳಗೆ ಇಷ್ಟು ವ್ಯತ್ಯಾಸ ಯಾಕೆ?

ಮೊದಲ ಕಾರಣ ಕಡಲು. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವಷ್ಟು ಶಾಖದಲ್ಲಿ ಅಷ್ಟೇ ತೂಕದ ಒಣ ಮಣ್ಣು ನಾಲ್ಕೈದು ಡಿಗ್ರಿ ಬಿಸಿಯಾಗುತ್ತದೆ. ಹಾಗಾಗಿ ನೆಲ ಕಾದ ಮಧ್ಯಾಹ್ನವೂ ಕಡಲು ತಂಪಾಗಿರುತ್ತದೆ, ಅಲ್ಲಿಂದ ಕರಾವಳಿಗೆ ಗಾಳಿ ಬೀಸುತ್ತದೆ. ಆ ತಂಪು ಘಟ್ಟ ಹತ್ತಿ ರಾಯಚೂರಿನವರೆಗೆ ಬರುವುದಿಲ್ಲ. ಅಲ್ಲಿಗೆ ಬರುವುದು ಕಾದ ಬಯಲಿನ ಮೇಲೆ ನೂರಾರು ಕಿಲೋಮೀಟರ್ ಹಾದು ಬಂದ ಒಣಗಾಳಿ. ಎತ್ತರವೂ ಲೆಕ್ಕಕ್ಕಿದೆ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದರೆ ರಾಯಚೂರು ಸುಮಾರು 400.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಮಣ್ಣಿನ ತೇವ. ಮಣ್ಣಿನ ಮಡಕೆಯ ನೀರು ತಣ್ಣಗಿರುತ್ತದೆ ಅಲ್ವಾ? ಹೊರಗೆ ಜಿನುಗಿದ ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಹಸಿ ನೆಲವೂ ಹಾಗೇ. ತೇವ ಇರುವವರೆಗೆ ಬಿಸಿಲಿನ ಒಂದು ಪಾಲು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಒಣಗಿದ ಮೇಲೆ ಹೆಚ್ಚುಕಡಿಮೆ ಅಷ್ಟೂ ಶಾಖ ಗಾಳಿಗೆ ಸೇರುತ್ತದೆ. ಬಿಸಿಯಾದ ಗಾಳಿ ಉಳಿದ ತೇವವನ್ನೂ ಹೀರುತ್ತದೆ, ಅದರಿಂದ ಸೆಕೆ ಇನ್ನೂ ಏರುತ್ತದೆ. ಇಂಥ ಹೊತ್ತಿಗೆ ಮೇಲಿನ ಗಾಳಿ ಕೆಳಗಿಳಿಯತೊಡಗಿದರೆ ಕಷ್ಟ ಹೆಚ್ಚುತ್ತದೆ. ಒಣಗಾಳಿ ಒಂದು ಕಿಲೋಮೀಟರ್ ಇಳಿದರೆ ಸುಮಾರು 10 ಡಿಗ್ರಿ ಬಿಸಿಯಾಗುತ್ತದೆ, ಮೋಡ ಕಟ್ಟಲೂ ಬಿಡುವುದಿಲ್ಲ. ಇದೇ ಸ್ಥಿತಿ ನಾಲ್ಕಾರು ದಿನ ಕದಲದೆ ನಿಂತರೆ ಬಿಸಿಗಾಳಿಯ ಅಲೆ ಎದ್ದಿತೆಂದೇ ಅರ್ಥ. ಹಿಂಗಾರು ಕೈಕೊಟ್ಟ ವರ್ಷ, ಕೆರೆ ಬತ್ತಿದ ವರ್ಷ ಬೇಸಿಗೆ ಇನ್ನಷ್ಟು ಸುಡುವುದಕ್ಕೆ ಇದೂ ಒಂದು ಕಾರಣ.

ಹಾಗಂತ ಕರಾವಳಿಯವರು ನಿಶ್ಚಿಂತೆಯಿಂದ ಇರಬಹುದೇ? ಖಂಡಿತ ಇಲ್ಲ. ಹವಾಮಾನ ಇಲಾಖೆ ಬಿಸಿಗಾಳಿಯನ್ನು ಲೆಕ್ಕ ಹಾಕುವಾಗ ಬಯಲಿಗೆ ಕನಿಷ್ಠ 40 ಡಿಗ್ರಿ, ಕರಾವಳಿಗೆ 37, ಗುಡ್ಡಗಾಡಿಗೆ 30 ಎಂದು ಬೇರೆ ಬೇರೆ ಗೆರೆ ಇಟ್ಟಿದೆ. ಜೊತೆಗೆ ಆ ಊರಿನ ವಾಡಿಕೆಗಿಂತ 4.5 ಡಿಗ್ರಿಯಾದರೂ ಜಾಸ್ತಿ ಇರಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಪೂರ್ವದ ಒಣಗಾಳಿ ಘಟ್ಟ ಇಳಿದು ಬಂದು ಕಡಲ ಗಾಳಿಯನ್ನು ತಡೆದರೆ ಮಂಗಳೂರು, ಕಾರವಾರಗಳೂ ಆ ಗೆರೆ ಮುಟ್ಟುತ್ತವೆ. ಉಳಿದ ದಿನಗಳಲ್ಲಿ ಅಲ್ಲಿನ ಕಷ್ಟ ತೇವದ್ದು. ನಮ್ಮ ಮೈ ತಣ್ಣಗಾಗುವುದು ಬೆವರು ಆರಿದಾಗ. ಗಾಳಿಯಲ್ಲೇ ತೇವ ತುಂಬಿದ್ದರೆ ಬೆವರು ಆರುವುದಿಲ್ಲ, ಸುಮ್ನೆ ಇಳಿಯುತ್ತದೆ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ (ಗಾಳಿಯ ತೇವವನ್ನೂ ಲೆಕ್ಕಕ್ಕೆ ಹಿಡಿಯುವ ಇದು ಸಾಮಾನ್ಯವಾಗಿ ಮಾಮೂಲಿ ಥರ್ಮಾಮೀಟರ್‌ಗಿಂತ ಕಡಿಮೆ ತೋರಿಸುತ್ತದೆ) 35 ತೋರಿಸಿದರೆ ನೆರಳಲ್ಲಿ ಕುಳಿತ ಗಟ್ಟಿ ಮನುಷ್ಯನೂ ಹೆಚ್ಚು ಹೊತ್ತು ಬದುಕುವುದು ಕಷ್ಟ ಎಂಬುದು ಹಳೆಯ ಅಂದಾಜು. ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಆರೋಗ್ಯವಂತ ಯುವಕರ ಮೈ ತೇವದ ಸೆಕೆಯಲ್ಲಿ ಅದೇ ಒದ್ದೆ ಥರ್ಮಾಮೀಟರ್ 31ರ ಹತ್ತಿರ ಇದ್ದಾಗಲೇ ಸೋಲತೊಡಗಿತು.

ಒಂದೇ ಊರಿನಲ್ಲೂ ಏಟು ಸಮನಾಗಿ ಬೀಳುವುದಿಲ್ಲ. ತಗಡಿನ ಸೂರು ಹಗಲೆಲ್ಲ ಕಾಯುತ್ತದೆ, ಕಲ್ಲು ಮತ್ತು ಕಾಂಕ್ರೀಟು ರಾತ್ರಿಯೂ ಶಾಖ ಉಗುಳುತ್ತವೆ. ರಾತ್ರಿ ಮೈ ತಣಿಯದಿದ್ದರೆ ಮರುದಿನದ ಬಿಸಿಲು ದುಪ್ಪಟ್ಟು ಭಾರ. ಮುದುಕರು, ಹೃದಯದ ಕಾಯಿಲೆ ಇರುವವರು, ಬಿಸಿಲಲ್ಲೇ ದುಡಿಯಬೇಕಾದವರು ಮೊದಲು ಕುಸಿಯುತ್ತಾರೆ. ಇದನ್ನು ತಡೆಯಬಹುದು. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದ್ ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. 2013ರಲ್ಲಿ ಆ ನಗರ ಮುನ್ನೆಚ್ಚರಿಕೆಯ ಯೋಜನೆ ಮಾಡಿತು: ಮೊದಲೇ ಸೂಚನೆ, ಅಲ್ಲಲ್ಲಿ ಕುಡಿಯುವ ನೀರು, ವೈದ್ಯರಿಗೆ ತರಬೇತಿ. ಮುಂದೆ ಬಡವರ ಮನೆಗಳ ಚಾವಣಿಗೆ ಬಿಳಿ ಬಣ್ಣ ಬಳಿಯುವ ಕೆಲಸವೂ ಸೇರಿತು. ಇವುಗಳಲ್ಲಿ ಯಾವುದೂ ನಮ್ಮ ಊರುಗಳಿಗೆ ಕೈಗೆಟುಕದ ಕೆಲಸವಲ್ಲ.