ಲಾಮಿಛಾನೆ ಮೊದಲ ಟಿ20 ನೇಪಾಳಕ್ಕೆ ಆಡಲಿಲ್ಲ, ಯಾಕೆ?

ಪ್ರಶ್ನೆ: ನೇಪಾಳದ ಲೆಗ್ ಸ್ಪಿನ್ನರ್ ಸಂದೀಪ್ ಲಾಮಿಛಾನೆ ಅವರ ದಾಖಲೆ ನೋಡುತ್ತಿದ್ದೆ. ಮೊದಲ ಅಂತರರಾಷ್ಟ್ರೀಯ ಟಿ20 ಆಡಿದ್ದು ‘ವಿಶ್ವ ಇಲೆವೆನ್’ (ಹಲವು ದೇಶಗಳ ಆಟಗಾರರ ತಂಡ) ಪರ ಎಂದಿದೆ. ಸ್ವಂತ ದೇಶಕ್ಕೇ ಆಡದವರು ವಿಶ್ವ ತಂಡಕ್ಕೆ ಹೇಗೆ ಆಡಿದರು?

ಉತ್ತರ: ದೇಶಕ್ಕೆ ಆಡಿದ್ದರು. ಆ ಪಂದ್ಯಗಳು ಲೆಕ್ಕಕ್ಕೆ ಬರಲಿಲ್ಲ, ಅಷ್ಟೇ.

ಎರಡು ದೇಶಗಳು ಆಡಿದರೆ ಅದು ಅಂತರರಾಷ್ಟ್ರೀಯ ಪಂದ್ಯವೇ ತಾನೇ ಅಂದುಕೊಳ್ಳುತ್ತೇವೆ. ವಿಶ್ವ ಕ್ರಿಕೆಟ್ ನಡೆಸುವ ಐಸಿಸಿಯ ಪುಸ್ತಕದಲ್ಲಿ ಆಗ ಹಾಗಿರಲಿಲ್ಲ. ಟೆಸ್ಟ್ ಆಡುವ ದೇಶಗಳನ್ನು ಬಿಟ್ಟರೆ ಬೆರಳೆಣಿಕೆಯಷ್ಟು ತಂಡಗಳಿಗೆ ಮಾತ್ರ ಟಿ20 ಮಾನ್ಯತೆ, ಅಂದರೆ ಆಡಿದ ಪಂದ್ಯ ಅಧಿಕೃತವಾಗಿ ಲೆಕ್ಕಕ್ಕೆ ಬರುವ ಹಕ್ಕು. ನೇಪಾಳಕ್ಕೆ ಅದು 2014ರಲ್ಲಿ ಸಿಕ್ಕಿತ್ತು, ಆ ವರ್ಷ ಬಾಂಗ್ಲಾದೇಶದಲ್ಲಿ ಟಿ20 ವಿಶ್ವಕಪ್ಪನ್ನೂ ಆಡಿತು. 2015ರಲ್ಲಿ ಮಾನ್ಯತೆ ಕೈತಪ್ಪಿತು. ಸಂದೀಪ್ ಬೆಳಕಿಗೆ ಬಂದದ್ದು ಸರಿಯಾಗಿ ಈ ಬರಗಾಲದಲ್ಲಿ.

ಹುಟ್ಟಿದ್ದು 2000ದ ಆಗಸ್ಟ್ 2ರಂದು, ಸ್ಯಾಂಗ್ಜಾದಲ್ಲಿ. ಆಟ ಕಲಿತದ್ದು ಚಿತವನದಲ್ಲಿ. ಆಗ ನೇಪಾಳದ ಕೋಚ್ ಆಗಿದ್ದ ಶ್ರೀಲಂಕಾ ಮೂಲದ ಪುಬುದು ದಸ್ಸನಾಯಕೆ ಅವರ ಕಣ್ಣಿಗೆ ಬಿದ್ದರು. 2016ರ 19 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ 14 ವಿಕೆಟ್, ಐರ್ಲೆಂಡ್ ಎದುರು ಹ್ಯಾಟ್ರಿಕ್. ಆಗಿನ್ನೂ ವಯಸ್ಸು 15. ಅದೇ ವರ್ಷ ಹಾಂಗ್‌ಕಾಂಗ್‌ನ ಟಿ20 ಲೀಗ್‌ನಲ್ಲಿ ಜೊತೆಯಾದ ಆಸ್ಟ್ರೇಲಿಯಾದ ಮಾಜಿ ನಾಯಕ ಮೈಕಲ್ ಕ್ಲಾರ್ಕ್ ಹುಡುಗನನ್ನು ಸಿಡ್ನಿಗೆ ಕರೆಸಿ, ತಮ್ಮ ಕ್ಲಬ್ ವೆಸ್ಟರ್ನ್ ಸಬರ್ಬ್ಸ್‌ನಲ್ಲಿ ಆಡಿಸಿದರು. ಅಂದರೆ ಹೆಸರು ಆಗಲೇ ಓಡಾಡುತ್ತಿತ್ತು. ದಾಖಲೆ ಪುಸ್ತಕದ ಅಂತರರಾಷ್ಟ್ರೀಯ ಟಿ20 ಕಾಲಂ ಮಾತ್ರ ಖಾಲಿ.

2018ರ ಜನವರಿಯ ಹರಾಜಿನಲ್ಲಿ ಡೆಲ್ಲಿ ಡೇರ್‌ಡೆವಿಲ್ಸ್ 20 ಲಕ್ಷ ರೂಪಾಯಿಗೆ ಕೊಂಡಿತು. ಐಪಿಎಲ್‌ಗೆ ಬಂದ ಮೊದಲ ನೇಪಾಳಿ. ಮುಂದಿನ ತಿಂಗಳು ನಮೀಬಿಯಾದಲ್ಲಿ ವಿಶ್ವ ಕ್ರಿಕೆಟ್ ಲೀಗ್‌ನ ಎರಡನೇ ಡಿವಿಷನ್, ಅಲ್ಲಿ 17 ವಿಕೆಟ್, ಟೂರ್ನಿಯ ಶ್ರೇಷ್ಠ ಆಟಗಾರ. ಮಾರ್ಚ್ 15ರಂದು ಜಿಂಬಾಬ್ವೆಯಲ್ಲಿ ನಡೆದ ವಿಶ್ವಕಪ್ ಅರ್ಹತಾ ಟೂರ್ನಿಯಲ್ಲಿ ಪಪುವಾ ನ್ಯೂ ಗಿನಿಯನ್ನು ನೇಪಾಳ ಸೋಲಿಸಿದಾಗ ಸಂದೀಪ್ ಮತ್ತು ದೀಪೇಂದ್ರ ಸಿಂಗ್ ಐರಿ ತಲಾ ನಾಲ್ಕು ವಿಕೆಟ್ ಕಿತ್ತರು. ಆ ಗೆಲುವಿನೊಂದಿಗೆ ನೇಪಾಳಕ್ಕೆ ಏಕದಿನ ಮಾನ್ಯತೆ ಬಂತು, ಹೋಗಿದ್ದ ಟಿ20 ಮಾನ್ಯತೆಯೂ ಹಿಂದೆಯೇ ಬಂತು. ಬಾಗಿಲು ತೆಗೆಸಿದವರಲ್ಲಿ ಅವರೂ ಒಬ್ಬರು ಅನ್ನಿ. ಆದರೆ ಒಳಗೆ ಕಾಲಿಡಲು ನೇಪಾಳಕ್ಕೆ ಇನ್ನೂ ಪಂದ್ಯ ನಿಗದಿಯಾಗಿರಲಿಲ್ಲ.

ಈ ನಡುವೆ ಮೇ 12ರಂದು ದೆಹಲಿಯ ಕೋಟ್ಲಾದಲ್ಲಿ ಐಪಿಎಲ್ ಪದಾರ್ಪಣೆ, ಎದುರಾಳಿ ನಮ್ಮ ಆರ್‌ಸಿಬಿ. ಅಂದು ಕೊಹ್ಲಿ, ಡಿವಿಲಿಯರ್ಸ್ ಇಬ್ಬರೂ ಅರ್ಧಶತಕ ಬಾರಿಸಿದರು, ಗೆದ್ದದ್ದೂ ನಾವೇ. ಅಂಥ ದಿನ ನಾಲ್ಕು ಓವರ್‌ಗೆ 25 ರನ್ ಕೊಟ್ಟು, ಪಾರ್ಥಿವ್ ಪಟೇಲ್ ವಿಕೆಟ್ ಪಡೆದ 17ರ ಹುಡುಗ. ಗೆಲುವಿನ ಗದ್ದಲದಲ್ಲಿ ಆ ಸ್ಪೆಲ್ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಿಲ್ಲ.

ಇನ್ನು ವಿಶ್ವ ತಂಡದ ಕಥೆ. ಇರ್ಮಾ, ಮರಿಯಾ ಚಂಡಮಾರುತಗಳಿಗೆ ಸಿಕ್ಕಿ ಹಾಳಾದ ಕೆರಿಬಿಯನ್ ಕ್ರೀಡಾಂಗಣಗಳ ದುರಸ್ತಿಗೆ ಹಣ ಕೂಡಿಸಲು ಮೇ 31ರಂದು ಲಾರ್ಡ್ಸ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಒಂದು ಪಂದ್ಯ ಏರ್ಪಾಡಾಗಿತ್ತು. ಶಕೀಬ್ ಅಲ್ ಹಸನ್ ಹಿಂದೆ ಸರಿದರು, ಆ ಜಾಗ ಸಂದೀಪ್‌ಗೆ ಸಿಕ್ಕಿತು. ಸಹಾಯಾರ್ಥ ಪಂದ್ಯವಾದರೂ ಐಸಿಸಿ ಅದಕ್ಕೆ ಅಧಿಕೃತ ಟಿ20 ಮಾನ್ಯತೆ ಕೊಟ್ಟಿತ್ತು. ವಿಶ್ವ ತಂಡ 72 ರನ್‌ಗಳಿಂದ ಸೋತಿತು. ಸೋಲಾದರೇನು, ಕಾಲಂ ತುಂಬಿತು.

ನೇಪಾಳದ ಪರ ಅಧಿಕೃತ ಟಿ20 ಆಡಲು ಜುಲೈ 29ರವರೆಗೆ ಕಾಯಬೇಕಾಯಿತು. ಎದುರಾಳಿ ನೆದರ್ಲೆಂಡ್ಸ್, ಮೈದಾನ ಮತ್ತದೇ ಲಾರ್ಡ್ಸ್. ಆ ಪಂದ್ಯ ಫಲಿತಾಂಶ ಕಾಣಲೇ ಇಲ್ಲ. ಮೂರು ದಿನದ ಬಳಿಕ, ಆಗಸ್ಟ್ 1ರಂದು, ನೆದರ್ಲೆಂಡ್ಸ್‌ನ ಆಮ್ಸ್ಟೆಲ್‌ವೀನ್‌ನಲ್ಲಿ ನೇಪಾಳದ ಚೊಚ್ಚಲ ಏಕದಿನ ಪಂದ್ಯ. ಸಂದೀಪ್‌ಗೂ ಅದೇ ಮೊದಲನೆಯದು. ಮಾರನೇ ದಿನ ಅವರಿಗೆ 18 ತುಂಬಿತು.

ಇವತ್ತು ಇಂಥ ಗೊಂದಲಕ್ಕೆ ಆಸ್ಪದವಿಲ್ಲ. 2019ರ ಜನವರಿ 1ರಿಂದ ಐಸಿಸಿ ತನ್ನ ಎಲ್ಲ ಸದಸ್ಯ ದೇಶಗಳಿಗೂ ಟಿ20 ಮಾನ್ಯತೆ ಕೊಟ್ಟಿದೆ.