ಭಾನುವಾರದ ರಜೆಯಿಂದ ಸಂಘದ ಹಕ್ಕಿನವರೆಗೆ: ಮುಂಬೈ, ಮದರಾಸು ಗಿರಣಿಗಳ ಹಿನ್ನೆಲೆ

ಮುಂಬೈಯ ಮೊದಲ ಹತ್ತಿ ಗಿರಣಿ 1850ರ ದಶಕದಲ್ಲಿ ಶುರುವಾಯಿತು; ಅಲ್ಲಿನ ಗಿರಣಿ ಕಾರ್ಮಿಕರಿಗೆ ವಾರಕ್ಕೊಂದು ರಜೆ ಸಿಕ್ಕಿದ್ದು 1890ರಲ್ಲಿ. ಈ ನಡುವಿನ ವರ್ಷಗಳಲ್ಲಿ ಬೆಳಕು ಹರಿದಾಗ ಯಂತ್ರಗಳು ತಿರುಗತೊಡಗಿ ಕತ್ತಲಾದಾಗ ನಿಲ್ಲುತ್ತಿದ್ದುದರಿಂದ, ಬೇಸಿಗೆ ಬಂದರೆ ದುಡಿಮೆಯ ದಿನ ತಾನಾಗಿಯೇ ಉದ್ದವಾಗುತ್ತಿತ್ತು.

ಈ ಸ್ಥಿತಿಯ ಬಗ್ಗೆ ಮೊದಲು ಗಟ್ಟಿಯಾಗಿ ದನಿ ಎತ್ತಿದವರಲ್ಲಿ ಇಂಗ್ಲೆಂಡಿನ ಬಟ್ಟೆ ಉದ್ಯಮದ ನೆಲೆಯಾದ ಲ್ಯಾಂಕಶೈರ್‌ನ ಗಿರಣಿ ಮಾಲೀಕರೂ ಇದ್ದರು. ಅಗ್ಗದ ಕೂಲಿಯಲ್ಲಿ ಹಗಲಿಡೀ ದುಡಿಸಿ ತಯಾರಿಸಿದ ಮುಂಬೈಯ ನೂಲು ತಮ್ಮ ವ್ಯಾಪಾರಕ್ಕೆ ಕುತ್ತು ತರುತ್ತದೆಂಬ ಭಯ ಅವರ ಕರುಣೆಯ ಹಿಂದಿತ್ತು. ಹಾಗೆಂದು ಎಲ್ಲ ಒತ್ತಡವೂ ಹೊರಗಿನದೇ ಆಗಿರಲಿಲ್ಲ. ಸಮಾಜ ಸುಧಾರಕ ಸೊರಾಬ್ಜಿ ಶಾಪುರ್ಜಿ ಬೆಂಗಾಲಿಯಂಥವರು ಮುಂಬೈಯಲ್ಲೇ ಕಾನೂನಿಗಾಗಿ ಪ್ರಯತ್ನಿಸಿದ್ದರು. ಕೊನೆಗೆ ಬಂದ 1881ರ ಕಾರ್ಖಾನೆ ಕಾಯ್ದೆ ಏಳು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕಿಟ್ಟುಕೊಳ್ಳಬಾರದೆಂದಿತು, ಏಳರಿಂದ ಹನ್ನೆರಡರವರೆಗಿನವರಿಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ ಹಾಕಿತು. ವಯಸ್ಕರ ದುಡಿಮೆಯ ಅವಧಿಯ ಬಗ್ಗೆ ಅದು ಏನನ್ನೂ ಹೇಳಲಿಲ್ಲ.

ಆ ಮೌನವನ್ನು ಪ್ರಶ್ನಿಸಿದವರು ನಾರಾಯಣ ಮೇಘಾಜಿ ಲೋಖಂಡೆ. ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದಿಂದ ಬಂದ, ಒಂದು ಗಿರಣಿಯಲ್ಲಿ ಉಗ್ರಾಣದ ಕೆಲಸ ಮಾಡಿ ಒಳಗಿನದನ್ನು ಕಣ್ಣಾರೆ ಕಂಡಿದ್ದ ಅವರು, 1884ರಲ್ಲಿ ಸುಮಾರು 5,500 ಕಾರ್ಮಿಕರ ಸಹಿಯೊಂದಿಗೆ ಮನವಿಯೊಂದನ್ನು ಸಲ್ಲಿಸಿದರು. ಭಾನುವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಮುಂದಿನ ತಿಂಗಳ 15ರೊಳಗೆ ಸಂಬಳ, ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಅದರ ಬೇಡಿಕೆಗಳು. ಕೂಲಿ ಹೆಚ್ಚಿಸಿ ಎನ್ನುವುದಕ್ಕಿಂತ, ದುಡಿದ ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡಿ ಎಂದು ಕೇಳಬೇಕಾಗಿದ್ದ ಕಾಲವದು. 1890ರ ಏಪ್ರಿಲ್‌ನಲ್ಲಿ ಸುಮಾರು ಹತ್ತು ಸಾವಿರ ಕಾರ್ಮಿಕರು ಸೇರಿದ ಸಭೆಯಲ್ಲಿ ಇಬ್ಬರು ಹೆಂಗಸರೂ ಮಾತನಾಡಿದರು. ಜೂನ್‌ನಲ್ಲಿ ಮಾಲೀಕರ ಸಂಘ ಭಾನುವಾರದ ರಜೆಗೆ ಒಪ್ಪಿತು. ಮರುವರ್ಷ ತಿದ್ದಿದ ಕಾಯ್ದೆ ಹೆಂಗಸರ ದುಡಿಮೆಯನ್ನು ದಿನಕ್ಕೆ ಹನ್ನೊಂದು ಗಂಟೆಗೆ ಮಿತಿಗೊಳಿಸಿತು. ಗಂಡಸರು ಮಾತ್ರ ಇನ್ನೂ ಇಪ್ಪತ್ತು ವರ್ಷ ಕಾಯಬೇಕಾಯಿತು, ಅಷ್ಟರಲ್ಲಿ ಗಿರಣಿಗಳಿಗೆ ವಿದ್ಯುದ್ದೀಪ ಬಂದು ಕತ್ತಲಾದರೆ ಕೆಲಸ ನಿಲ್ಲುವ ನಿಯಮವೂ ಹೋಯಿತು. ಬಟ್ಟೆ ಗಿರಣಿಗಳ ಗಂಡಸರಿಗೆ ಹನ್ನೆರಡು ಗಂಟೆಯ ಮಿತಿ ಬಂದದ್ದು 1911ರಲ್ಲಿ.

ಗಿರಣಿಯ ಒಳಗೆ ಎಲ್ಲರ ಕಷ್ಟವೂ ಒಂದೇ ಬಗೆಯದಾಗಿರಲಿಲ್ಲ. ಕೆಲಸ ಕೊಡಿಸುವವನೂ ಬಿಡಿಸುವವನೂ ಜಾಬರ್ ಆಗಿದ್ದರಿಂದ ಅವನ ಕೈ ಬೆಚ್ಚಗೆ ಮಾಡದೆ ಒಳಗೆ ಹೋಗುವುದೇ ಕಷ್ಟವಿತ್ತು. ನೇಯ್ದ ಬಟ್ಟೆಯಲ್ಲಿ ದೋಷ ಕಂಡರೆ ಅದನ್ನು ನೇಕಾರನಿಗೇ ಕೊಟ್ಟು ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು. ಇನ್ನೊಂದು ಸಂಗತಿ ನೇಯ್ಗೆ ವಿಭಾಗದ್ದು. ಮಗ್ಗದಲ್ಲಿ ಅಡ್ಡನೂಲನ್ನು ಒಯ್ಯುವ ಲಾಳಿಯೊಳಗಿನ ಕಂಡಿಕೆ (ನೂಲು ಸುತ್ತಿದ ಕೊಳವೆ) ಖಾಲಿಯಾದಾಗಲೆಲ್ಲ ಹೊಸದನ್ನು ಹಾಕಿ, ಲಾಳಿಯ ಪಕ್ಕದ ಸಣ್ಣ ಕಿಂಡಿಗೆ ಬಾಯಿಟ್ಟು ಹೀರಿ ಎಳೆಯನ್ನು ಹೊರತೆಗೆಯಬೇಕಿತ್ತು. ಒಬ್ಬರ ಬಾಯಿ ತಾಗಿದ್ದು ಇನ್ನೊಬ್ಬರ ಬಾಯಿಗೆ ಬರುತ್ತದೆಂಬ ಮಡಿಯ ನೆಪದಲ್ಲಿ ದಲಿತರನ್ನು ಹೆಚ್ಚು ಕೂಲಿಯ ಈ ವಿಭಾಗದಿಂದಲೇ ಹೊರಗಿಟ್ಟಿದ್ದರು. ಹೊರಗಿಟ್ಟವರಲ್ಲಿ ಸಹ ಕಾರ್ಮಿಕರೂ ಇದ್ದರು ಎಂಬುದನ್ನು ಸಂಘಗಳ ಚರಿತ್ರೆ ಬರೆಯುವಾಗ ಮರೆಯುವಂತಿಲ್ಲ. 1928ರಲ್ಲಿ ಸುಮಾರು ಆರು ತಿಂಗಳು ನಡೆದ ಮುಂಬೈ ಮುಷ್ಕರದ ವೇಳೆ ಅಂಬೇಡ್ಕರ್ ಈ ಪ್ರಶ್ನೆ ಎತ್ತಿದಾಗ ಮುಷ್ಕರದ ನಾಯಕರು ಅರೆಮನಸ್ಸಿನಿಂದಲೇ ಒಪ್ಪಿದರು.

ಲೋಖಂಡೆಯವರು ಗಿರಣಿ ಕಾರ್ಮಿಕರಿಗಾಗಿ ಕಟ್ಟಿದ್ದ ಸಂಘಕ್ಕೆ ಸದಸ್ಯರ ಪಟ್ಟಿಯಾಗಲಿ ನಿಧಿಯಾಗಲಿ ಇರಲಿಲ್ಲ. ಇವೆರಡನ್ನೂ ಇಟ್ಟುಕೊಂಡು ಕ್ರಮಬದ್ಧವಾಗಿ ನಡೆದ ದೇಶದ ಮೊದಲ ಸಂಘವೆಂದು ಸಾಮಾನ್ಯವಾಗಿ ಹೆಸರಿಸುವುದು 1918ರ ಏಪ್ರಿಲ್ 27ರಂದು ಹುಟ್ಟಿದ ಮದ್ರಾಸ್ ಲೇಬರ್ ಯೂನಿಯನ್ ಅನ್ನು. ಪೆರಂಬೂರಿನಲ್ಲಿ ಬಿನ್ನಿ ಕಂಪನಿ ನಡೆಸುತ್ತಿದ್ದ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕಾರ್ಮಿಕರು, ಅದೇ ವಠಾರದ ಬಟ್ಟೆ ವ್ಯಾಪಾರಿ ಸೆಲ್ವಪತಿ ಚೆಟ್ಟಿಯಾರರು ನಡೆಸುತ್ತಿದ್ದ ಧಾರ್ಮಿಕ ಸಭೆಗೆ ಬರುತ್ತಿದ್ದರು. ಊಟದ ಬಿಡುವು ಸಾಲದು ಎಂಬ ದೂರು ಅಲ್ಲಿಂದ ಆನಿ ಬೆಸೆಂಟರ ಬಳಗದ ಬಿ.ಪಿ. ವಾಡಿಯಾರವರೆಗೆ ಹೋಗಿ, ವಾಡಿಯಾರೇ ಸಂಘದ ಅಧ್ಯಕ್ಷರಾದರು.

1920ರ ಕೊನೆಯಲ್ಲಿ ಲಾಕೌಟ್ ಆದಾಗ, ಅಂದರೆ ಮಾಲೀಕರೇ ಗಿರಣಿಗೆ ಬೀಗ ಹಾಕಿದಾಗ, ಕಂಪನಿ ಹೈಕೋರ್ಟಿಗೆ ಹೋಯಿತು. ಕಾರ್ಮಿಕರು ಕೆಲಸದ ಕರಾರು ಮುರಿಯುವಂತೆ ವಾಡಿಯಾ ಮತ್ತು ಸಂಗಡಿಗರು ಪ್ರೇರೇಪಿಸಿದರೆಂದು ದೂರಿ ನಷ್ಟಪರಿಹಾರ ಕೇಳಿತು. ನ್ಯಾಯಾಲಯ ಅವರ ವಿರುದ್ಧ ತಡೆಯಾಜ್ಞೆ ಕೊಟ್ಟಿತು. ಸಂಘ ಕಟ್ಟುವುದನ್ನು ನಿಷೇಧಿಸುವ ಕಾನೂನು ಇರಲಿಲ್ಲ, ಆದರೆ ಸಂಘ ಮಾಡಬೇಕಾದ ಕೆಲಸ ಮಾಡಿದ ಕೂಡಲೇ ಮುಂದಾಳು ಮನೆಮಠ ಕಳೆದುಕೊಳ್ಳಬಹುದಿತ್ತು. ವಾಡಿಯಾ ಸಂಘದಿಂದ ದೂರ ಸರಿಯಬೇಕಾಯಿತು.

ಈ ಪ್ರಕರಣದ ಬಿಸಿ ಆರುವ ಮೊದಲೇ, 1921ರಲ್ಲಿ ಕಾರ್ಮಿಕ ನಾಯಕ ಎನ್.ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ಸಂಘಗಳ ನೋಂದಣಿಗೂ ರಕ್ಷಣೆಗೂ ಕಾನೂನು ಬೇಕೆಂದು ನಿರ್ಣಯ ಮಂಡಿಸಿದರು. ಐದು ವರ್ಷಗಳ ಬಳಿಕ ಟ್ರೇಡ್ ಯೂನಿಯನ್ ಕಾಯ್ದೆ ಬಂತು, 1927ರ ಜೂನ್‌ನಿಂದ ಜಾರಿಯಾಯಿತು. ಏಳು ಸದಸ್ಯರಿದ್ದರೆ ನೋಂದಣಿಗೆ ಅರ್ಜಿ ಹಾಕಬಹುದಿತ್ತು. ಅದರ 18ನೇ ಕಲಮು, ಕಾರ್ಮಿಕ ವಿವಾದದಲ್ಲಿ ಕರಾರು ಮುರಿಯಲು ಪ್ರೇರೇಪಿಸಿದರೆಂಬ ಕಾರಣಕ್ಕೆ ನೋಂದಾಯಿತ ಸಂಘದ ಮೇಲಾಗಲಿ ಪದಾಧಿಕಾರಿಗಳ ಮೇಲಾಗಲಿ ಸಿವಿಲ್ ದಾವೆ ಹೂಡುವಂತಿಲ್ಲ ಎಂದಿತು. ಮಾಲೀಕರು ಸಂಘಕ್ಕೆ ಮಾನ್ಯತೆ ಕೊಡಲೇಬೇಕೆಂದು ಮಾತ್ರ ಅದು ಎಲ್ಲೂ ಹೇಳಲಿಲ್ಲ.

ಬಿನ್ನಿ ಕಂಪನಿಯದೇ ಇನ್ನೊಂದು ದೊಡ್ಡ ಗಿರಣಿ ಬೆಂಗಳೂರಿನಲ್ಲಿತ್ತು. ಅದು ಮೈಸೂರು ಸಂಸ್ಥಾನದ ಸೀಮೆಯಾದ್ದರಿಂದ ಬ್ರಿಟಿಷ್ ಇಂಡಿಯಾದ ಈ ಕಾಯ್ದೆ ಅಲ್ಲಿಗೆ ಅನ್ವಯಿಸಲಿಲ್ಲ. ಅಲ್ಲಿನ ಕಾರ್ಮಿಕರು 1940ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ತನ್ನದೇ ಕಾನೂನು ತರುವವರೆಗೆ ಕಾಯಬೇಕಾಯಿತು.