ಹುಟ್ಟಿದ ತಪ್ಪಿಗೆ ಕಳ್ಳರಾದವರು

ಹುಬ್ಬಳ್ಳಿ, ಗದಗ-ಬೆಟಗೇರಿ ಕಡೆ ‘ಸೆಟ್ಲಮೆಂಟ್’ ಅಂದರೆ ಈಗ ಒಂದು ಏರಿಯಾದ ಹೆಸರು, ಅಷ್ಟೇ. ಒಂದು ಕಾಲಕ್ಕೆ ಅದು ಸರ್ಕಾರದ ಕಾವಲಿದ್ದ ಜಾಗ. ಒಳಗಿದ್ದವರಿಗೆಲ್ಲ ಕೋರ್ಟಿನಲ್ಲಿ ಶಿಕ್ಷೆ ಆಗಿರಬೇಕು ಅಂತೇನಿರಲಿಲ್ಲ. ಇಂಥ ಜಾತಿಯಲ್ಲಿ ಹುಟ್ಟಿದ್ದರೆ ಸಾಕಿತ್ತು.

ಇದರ ಬೇರು 1871ರ ಕ್ರಿಮಿನಲ್ ಟ್ರೈಬ್ಸ್ (ಅಪರಾಧಿ ಬುಡಕಟ್ಟುಗಳ) ಕಾಯ್ದೆಯಲ್ಲಿದೆ. ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ, ಹಾಗಾದರೆ ಕಳ್ಳನ ಮಗನೂ ಕಳ್ಳನೇ ಅನ್ನುವುದು ಅದರ ಪರ ಇದ್ದವರ ವಾದ. ಒಂದು ಸಮುದಾಯವನ್ನು ಸರ್ಕಾರ ಅಪರಾಧಿ ಎಂದು ಘೋಷಿಸಿದರೆ ಮುಗಿಯಿತು, ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ. ಮೊದಲು ಉತ್ತರ ಭಾರತಕ್ಕಷ್ಟೇ ಇದ್ದದ್ದು 1911ರಲ್ಲಿ ಮದ್ರಾಸು, ಮುಂಬಯಿ ಪ್ರಾಂತ್ಯಗಳಿಗೂ ಬಂತು.

ಯಾರನ್ನು ಪಟ್ಟಿಗೆ ಸೇರಿಸಿದರು ಅನ್ನುವುದೇ ಇಲ್ಲಿ ಮುಖ್ಯ. ಕೊರವರನ್ನೇ ನೋಡಿ. ಉಪ್ಪು, ದವಸ ಹೇರಿಕೊಂಡು ಊರೂರು ತಿರುಗಿ ಮಾರುತ್ತಿದ್ದವರು. ಲಂಬಾಣಿಗರೂ ಹಾಗೆಯೇ, ದಂಡಿಗೆಲ್ಲ ದವಸ ಸಾಗಿಸಿದವರು. ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು, ಕಾಡಿಗೂ ಬೇಲಿ ಬಿತ್ತು. ಕಸುಬು ಹೋಯಿತು, ತಿರುಗಾಟ ಉಳಿಯಿತು. ನೆಲೆ ಇಲ್ಲದವರ ಹತ್ತಿರ ಕಂದಾಯ ವಸೂಲಿ ಮಾಡುವುದು ಕಷ್ಟ, ಲೆಕ್ಕ ಇಡುವುದು ಇನ್ನೂ ಕಷ್ಟ. ಅವರಲ್ಲಿ ಕದ್ದವರೇ ಇರಲಿಲ್ಲ ಅಂತಲ್ಲ. ಆದರೆ ಯಾರೋ ಒಬ್ಬ ಕದ್ದದ್ದಕ್ಕೆ ಇಡೀ ಕುಲಕ್ಕೇ ಹಣೆಪಟ್ಟಿ ಹಚ್ಚಿದ್ದು ಯಾವ ನ್ಯಾಯ?

ಪಟ್ಟಿಗೆ ಸೇರಿದ ಮೇಲೆ ಬದುಕು ಹಾಜರಿ ಪುಸ್ತಕಕ್ಕೆ ಕಟ್ಟುಬಿತ್ತು. ಬೆರಳಚ್ಚು ಕೊಡಬೇಕು. ಹೇಳಿದ ಹೊತ್ತಿಗೆ ಹೋಗಿ ಹಾಜರಿ ಹಾಕಬೇಕು. ನೆಂಟರ ಮದುವೆಗೆ ಪಕ್ಕದೂರಿಗೆ ಹೋಗಬೇಕೆಂದರೂ ಪಾಸ್ ಬೇಕು, ಪಾಸ್ ಇಲ್ಲದೆ ಸಿಕ್ಕಿಬಿದ್ದರೆ ಅದೇ ಅಪರಾಧ. ಕದಿಯದೆಯೂ ಜೈಲಿಗೆ ಹೋಗುವ ದಾರಿ ಇದು! ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ಸುಧಾರಣಾ ಶಾಲೆಗೆ ಹಾಕುವ ಅಧಿಕಾರವೂ ಸರ್ಕಾರಕ್ಕಿತ್ತು. ಸೆಟ್ಲಮೆಂಟುಗಳನ್ನು ‘ಸುಧಾರಣೆ’ ಹೆಸರಲ್ಲಿ ಕಟ್ಟಿದರು. ಹತ್ತಿರದ ಗಿರಣಿ, ಕಾರ್ಖಾನೆಗಳಿಗೆ ಇದರಿಂದ ಬಿಟ್ಟು ಹೋಗಲಾರದ ಕೂಲಿಗಳು ಸಿಕ್ಕರು. ಅನುಕೂಲ ಯಾರಿಗಾಯಿತು ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

1871ರ ಕಾಯ್ದೆಗೆ ಇನ್ನೊಂದು ಭಾಗವಿತ್ತು, ಅದರ ಮಾತು ಕಡಿಮೆ. ಹಿಜ್ರಾಗಳ ಹೆಸರೂ ದಾಖಲಾಗಬೇಕಿತ್ತು. ದಾಖಲಾದವರು ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಂಡರೆ, ಕುಣಿದರೆ ಬಂಧನ. ಇದು ಹಳೇ ಕಥೆ ಅಂದುಕೊಳ್ಳಬೇಡಿ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿತು. ಅನುಮಾನ ಬಂದ ಹಿಜ್ರಾಗಳ ಹೆಸರು, ವಿಳಾಸದ ಪಟ್ಟಿ ಇಡಲು ಅದರಲ್ಲಿ ಅವಕಾಶವಿತ್ತು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ ಸರ್ಕಾರ ಕಲಮನ್ನು ತಿದ್ದಿತು.

ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ಅಲೆಮಾರಿ ಸಮುದಾಯಗಳು ಆ ದಿನವನ್ನು ಈಗಲೂ ವಿಮುಕ್ತ ದಿನ, ಅಂದರೆ ಆ ಪಟ್ಟಿಯಿಂದ ಬಿಡುಗಡೆಯಾದ ದಿನವೆಂದು ಆಚರಿಸುತ್ತವೆ. ಆದರೆ ಅದರ ಜಾಗಕ್ಕೆ ರಾಜ್ಯಗಳು ‘ರೂಢಿಗತ ಅಪರಾಧಿ’ (ಮತ್ತೆ ಮತ್ತೆ ಅಪರಾಧ ಮಾಡುವವರು) ಕಾಯ್ದೆಗಳನ್ನು ತಂದವು. ಕಾಗದದ ಮೇಲೆ ಜಾತಿ ಹೋಯಿತು. ಠಾಣೆಯಲ್ಲಿ ಕಳ್ಳತನದ ದೂರು ಬಂದಾಗ ಮೊದಲು ಹುಡುಕುವುದು ಮಾತ್ರ ಅದೇ ಕೇರಿಗಳನ್ನು. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಜೈಲು ಕೈಪಿಡಿಗಳಲ್ಲಿನ ಜಾತಿ ತಾರತಮ್ಯದ ನಿಯಮಗಳನ್ನು ಹೊಡೆದುಹಾಕಿತು. ವಿಮುಕ್ತ ಬುಡಕಟ್ಟುಗಳನ್ನು ರೂಢಿಗತ ಅಪರಾಧಿಗಳಂತೆ ಕಾಣುವ ಸಾಲುಗಳು ಅಲ್ಲಿ ಆವರೆಗೂ ಹಾಗೇ ಇದ್ದವು.